ಕೌದಿಯ ಹೊಟ್ಟೆಗೆ ಇಟ್ಟ ರೊಟ್ಟಿ

ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದ ಹಳೆಯ ಕೌದಿಗೆ ಒಂದು ವಾಸನೆ ಇರುತ್ತದೆ. ಒಣಗಿದ ಬೇವಿನೆಲೆ, ಸವೆದ ಇಳಕಲ್ ಸೀರೆ, ಯಾವಾಗಲೋ ಹೊದ್ದು ಮಲಗಿದವರ ಮೈಯ ಬಿಸುಪು. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಹೋದ ಬೇಸಿಗೆಯಲ್ಲಿ ಮರಳಿ ಊರಿನಲ್ಲಿರುವ ಅಕ್ಕನ ಮನೆಯ ಮಾಳಿಗೆ ಹತ್ತಿದಾಗ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೇವೂರಿನ ಅಜ್ಜಿಯ ಮನೆ ಕಣ್ಣ ಮುಂದೆ ಬಂದು ನಿಂತಿತು. ಈಗ ಆ ಜಾಗದಲ್ಲಿ ಗೊಬ್ಬರದ ಗೋದಾಮಿದೆ. ನನ್ನೊಳಗೆ ಮಾತ್ರ ಪಡಸಾಲೆ ಹಾಗೇ ಇತ್ತು, ಕಂಬಕ್ಕೆ ಒರಗಿ ಕಾಲು ಚಾಚಿ ಕೂತ ಅಜ್ಜಿ, ಅವಳ ತೊಡೆಯ ಮೇಲೆ ಹರಡಿದ ಕೌದಿ, ದಾರ ಎಳೆದಾಗಲೆಲ್ಲ ಸದ್ದು ಮಾಡುವ ಹಸಿರು ಬಳೆ.

ನಮ್ಮ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಹಳೆ ಸೀರೆಗಳನ್ನು ಪದರಪದರವಾಗಿ ಸೇರಿಸಿ, ಕೊನೆಯ ಮೂಲೆ ಹೊಲಿಯುವ ಮುನ್ನ ಒಳಗೆ ಜೋಳದ ರೊಟ್ಟಿಯ ಚೂರೊಂದನ್ನು ಇಡುತ್ತಾರೆ, ಹೊದ್ದವರ ಹೊಟ್ಟೆ ತಣ್ಣಗಿರಲಿ ಎಂದು. ಮನೆ ತುಂಬ ಹೆಂಗಸರಿದ್ದರೂ ಅಜ್ಜಿ ನನ್ನನ್ನೇ ಕರೆದು, "ನಿನ್ನ ಕೈಗುಣ ಛಲೋ ಐತಿ, ನೀನ ಇಡು" ಅಂದಿದ್ದಳು. ಇದನ್ನು ನಾನು ಯಾರಿಗೆ ತಾನೇ ಹೇಳಿಲ್ಲ! ಕೊಪ್ಪಳದಲ್ಲಿ ಪಾಠ ಮಾಡುವಾಗ ಮಕ್ಕಳಿಗೆ, ಮಗಳ ಮದುವೆಯಲ್ಲಿ ಬೀಗರಿಗೆ, ಬೇಸರವಾದಾಗ ನನಗೆ ನಾನೇ. ಮಾಡಿದ ಸಾರು ರುಚಿಯಾದರೆ, ನೆಟ್ಟ ಗಿಡ ಚಿಗುರಿದರೆ, ಅಜ್ಜಿ ಸುಮ್ಮನೆ ಹೇಳಿರಲಿಲ್ಲ ಅಂದುಕೊಳ್ಳುತ್ತಿದ್ದೆ. ನಾನು ಯಾರು ಎಂದು ಕೇಳಿದ್ದರೆ, ಅಜ್ಜಿ ಆರಿಸಿಕೊಂಡ ಹುಡುಗಿ ಎನ್ನುತ್ತಿದ್ದೆನೇನೋ.

ಅವತ್ತೂ ಅಕ್ಕನ ಮೊಮ್ಮಗಳನ್ನು ಕೂರಿಸಿಕೊಂಡು ಅದೇ ಕತೆ ಶುರುಮಾಡಿದೆ. ಬಿಸಿಲಿಗೆ ಹಾಕಿದ್ದ, ಆ ಕತೆಯ ಕೌದಿಯದೇ ಮಗ್ಗುಲು ಬದಲಿಸುತ್ತ ಅಕ್ಕ ಎಂದಿನಂತೆ ನಗುತ್ತಿದ್ದಳು. ಕತೆ ಮುಗಿದ ಮೇಲೆ ಹುಡುಗಿ ಕೌದಿಯನ್ನು ಮೈಮೇಲೆ ಎಳೆದುಕೊಂಡಳು. ಅವಳ ಮೊಣಕಾಲೂ ಮುಚ್ಚಲಿಲ್ಲ. ಇಷ್ಟು ಸಣ್ಣದು ಯಾಕೆ ಎಂದು ಕೇಳಿದಳು. ಕೂಸಿನ ಕೌದಿ ಅದು, ನಿಮ್ಮ ಈ ಸಣ್ಣಜ್ಜಿ ಹುಟ್ಟಿದಾಗ ಹೊಲಿದದ್ದು ಎಂದು ಅಕ್ಕನ ಬಾಯಿಂದ ಬಂದುಬಿಟ್ಟಿತು. ಬಂದಮೇಲೆ ಅವಳೇ ಗಾಬರಿಯಾಗಿ ನನ್ನ ಮುಖ ನೋಡಿದಳು. ನನ್ನ ಹಾಸಿಗೆಗೆಂದು ಹೊಲಿದ ಕೌದಿಯೊಳಗೆ ನಾನು ಹೇಗೆ ರೊಟ್ಟಿ ಇಟ್ಟೇನು? ಹಾಗಾದರೆ ಇಟ್ಟವರು ಯಾರು ಎಂದು ಕೇಳಿದೆ.

"ನಾನ ಇಟ್ಟಿದ್ದೆ, ತಂಗಿ. ಮಲಗೋ ಮುಂದ ನಿನಗ ಈ ಕತಿ ಹೇಳತಿದ್ದೆ. ಬರಬರತ ನೀನ ಹೇಳಾಕ ಹತ್ತಿದಿ. ನನಗಿಂತ ಛಲೋ ಹೇಳತಿದ್ದಿ, ಇರಲಿ ಬಿಡು ಅಂದೆ."

ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ನನ್ನನ್ನು ಎತ್ತಿಕೊಳ್ಳಲೆಂದೇ ಅಕ್ಕನನ್ನು ಶಾಲೆ ಬಿಡಿಸಿದ್ದರು. ಆ ಮನೆಯಲ್ಲಿ ಅವಳ ಪಾಲಿಗೆ ಬಂದದ್ದು ಒಂದು ಒಳ್ಳೆಯ ಮಾತು, ಅದನ್ನೂ ನಾನೇ ಇಟ್ಟುಕೊಂಡಿದ್ದೆ. ಸುಳ್ಳು ಹೇಳಿದೆನೆಂದಲ್ಲ, ಅದೇ ಇನ್ನೂ ಕೆಟ್ಟದ್ದು. ರೊಟ್ಟಿಯ ಚೂರು ಬೆರಳಿಗೆ ಒರಟಾಗಿ ತಾಗಿದ್ದು ನನಗೆ ಈಗಲೂ ನೆನಪಿದೆ. ಯಾರದೋ ಮಾತು ಬಂದು ಕೂತಿತು, ಅದರ ಮೇಲೆ ಇನ್ನೊಂದು ವಿಚಾರ ಕೂತಿತು, ಆ ಗುಂಪಿಗೆ ನಾನು ಎಂದು ಹೆಸರಿಟ್ಟುಕೊಂಡು ಇಷ್ಟು ವರ್ಷ ಮೆರೆದೆ. ಈ ವಿಚಾರವಾದರೂ ನೆಟ್ಟಗಿತ್ತೇ? ಮನಸ್ಸು ಏನು ಮಾಡುತ್ತದೆ ನೋಡೋಣವೆಂದು ಸುಮ್ಮನೆ ಕೂತರೆ, ಎಷ್ಟು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡೆಯಲ್ಲ ಎಂದು ಒಳಗೆ ಯಾರೋ ಆಗಲೇ ನನ್ನ ಬೆನ್ನು ತಟ್ಟುತ್ತಿದ್ದರು. ನನಗೆ ಹೇಸಿಗೆಯಾಯಿತು.

ನೀನೇ ಹೇಳು ಅಂದೆ ಅಕ್ಕನಿಗೆ. ಮೊದಮೊದಲು ಸಂಕೋಚಪಟ್ಟಳು, ಆಮೇಲೆ ಮೊಮ್ಮಗಳಿಗೆ ಹೇಳತೊಡಗಿದಳು. ಅವಳ ಕತೆ ಗಿಡ್ಡದು, ಅದರಲ್ಲಿ ಬಳೆಯ ಸದ್ದೂ ಇರಲಿಲ್ಲ. ನಾನಿದ್ದೆ. ಒಂದೇ ಸಮನೆ ಅಳುತ್ತಿದ್ದೆನಂತೆ. ರೊಟ್ಟಿ ಇಡುವಷ್ಟು ಹೊತ್ತಾದರೂ ಕೂಸನ್ನು ಕೆಳಗೆ ಬಿಡು ಎಂದು ಅಜ್ಜಿ ಹೇಳಿದಳಂತೆ. ಅಕ್ಕ ಬಿಡಲಿಲ್ಲ. ನನ್ನನ್ನು ಬಗಲಲ್ಲಿ ಅವುಚಿಕೊಂಡೇ ಬಗ್ಗಿ, ಇನ್ನೊಂದು ಕೈಯಿಂದ ಇಟ್ಟಳಂತೆ.