ಹೆಜ್ಜೆಗಿಂತ ಮೊದಲು ಬಂದ ಸದ್ದು

ಇಂಥ ವಿಷಯಗಳನ್ನು ನಾನು ನಂಬುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ನನಗೆ ಹೇಳದ ಕಥೆಯಿಲ್ಲ. ನಗರದ ಕೋಟೆಯಲ್ಲಿ ಯಾರೋ ಹೆಸರು ಹಿಡಿದು ಕರೆದರಂತೆ, ನಿಟ್ಟೂರಿನ ದಾರಿಯಲ್ಲಿ ಬೈಕಿನ ಹಿಂದೆ ಯಾರೋ ಕೂತ ಹಾಗಾಯಿತಂತೆ. ಎಲ್ಲದಕ್ಕೂ "ಹೌದನಾ" ಎನ್ನುತ್ತ ಮಿಷನ್ ತುಳಿಯುತ್ತಿದ್ದೆ. ಅವರು ಮೆಟ್ಟಿಲು ಇಳಿದ ಮೇಲೆ ಒಬ್ಬಳೇ ನಗುತ್ತಿದ್ದೆ. ಈಗ ನಗುವುದಿಲ್ಲ.

ನಡೆದದ್ದು ಕತ್ತಲಲ್ಲಿ ಅಲ್ಲ. ಕತ್ತಲಾಗಿದ್ದರೆ ಕತ್ತಲೆಯ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಶಿವರಾತ್ರಿ ಕಳೆದ ಮೇಲಿನ ಸುಡುಬಿಸಿಲಿನ ದಿನ, ಮಧ್ಯಾಹ್ನ ಮೂರೂವರೆ ಗಂಟೆ. ಸಮುದಾಯ ಭವನದ ಎಲ್ಲ ಕಿಟಕಿಗಳೂ ತೆರೆದಿದ್ದವು. ಒಳಗೆ ಇದ್ದವರು ನನ್ನನ್ನೂ ಸೇರಿಸಿ ಐದು ಜನ.

ತೀರ್ಥಹಳ್ಳಿಯ ವಿನುತ ನನಗೆ ಅವಳ ಹೈಸ್ಕೂಲು ದಿನಗಳಿಂದ ಪರಿಚಯ. ಅವಳ ಭರತನಾಟ್ಯದ ಉಡುಪುಗಳನ್ನೆಲ್ಲ ಹೊಲಿದವಳು ನಾನೇ. ಆಮೇಲೆ ಅವಳು ಸ್ಪೇನ್ ದೇಶಕ್ಕೆ ಹೋಗಿ ಅಲ್ಲಿನ ಫ್ಲೆಮೆಂಕೊ ನೃತ್ಯವನ್ನು ನಾಲ್ಕು ವರ್ಷ ಕಲಿತಳು. ಏಳು ವರ್ಷದ ಹಿಂದೆ ತನ್ನ ಗುರುಗಳನ್ನು ಊರಿಗೆ ಕರೆದುಕೊಂಡು ಬಂದಳು. ಗುರುಗಳ ಹೆಸರು ಇನೆಸ್. ಐವತ್ತೆಂಟು ವರ್ಷದ ಹೆಂಗಸು, ತೆಳ್ಳಗೆ, ಗಿಡ್ಡಕ್ಕೆ. ನಡೆಯುವಾಗ ಮಂಡಿ ನೋವಿನಿಂದ ಸ್ವಲ್ಪ ಕುಂಟುತ್ತಿದ್ದರು. ಜೊತೆಗೆ ಗಿಟಾರ್ ನುಡಿಸುತ್ತ ಹಾಡುವ ಮನುವೆಲ್ ಎಂಬ ವಯಸ್ಸಾದ ಗಂಡಸು. ಸಾಗರದಲ್ಲಿ ಒಂದು ಕಾರ್ಯಕ್ರಮ, ನಮ್ಮೂರಿನಲ್ಲಿ ಒಂದು, ಕೊನೆಗೆ ತೀರ್ಥಹಳ್ಳಿಯಲ್ಲಿ ಒಂದು ಎಂದು ಗೊತ್ತಾಗಿತ್ತು.

ಸಾಗರದ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಕುಂಟುತ್ತ ಬಂದ ಆ ಹೆಂಗಸು ವೇದಿಕೆಯ ಮೇಲೆ ನಿಂತ ಕೂಡಲೇ ಬೇರೆಯೇ ಯಾರೋ ಆದರು. ಅಂಗಾಲಿಗೂ ಹಿಮ್ಮಡಿಗೂ ಮೊಳೆ ಹೊಡೆದ ಶೂ ಅವರದು. ಮರದ ನೆಲವೇ ಅವರಿಗೆ ಮದ್ದಳೆ. ನಗುಮುಖವಿಲ್ಲ, ಕಥೆಯಿಲ್ಲ. ಯಾರ ಮೇಲೋ ಸಿಟ್ಟು ಬಂದವರ ಹಾಗೆ ನೆಲವನ್ನು ತುಳಿಯುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ "ಪಾಪ, ಎಷ್ಟು ಸಂಕಟ ಇತ್ತೇನ" ಎಂದು ಕಣ್ಣೊರೆಸಿಕೊಂಡರು. ಹಾಡಿನ ಒಂದು ಮಾತೂ ನಮಗೆ ಗೊತ್ತಿರಲಿಲ್ಲ.

ಅವತ್ತು ಅವರ ಲಂಗದ ಫ್ರಿಲ್ಲು ವೇದಿಕೆಯ ಮೊಳೆಗೆ ಸಿಕ್ಕಿ ಹರಿಯಿತು. ಹಿಂದೆ ಎರಡು ಮೂರು ಮೊಳ ಎಳೆದುಕೊಂಡು ಹೋಗುವ ಲಂಗ ಅದು. ಮರುದಿನ ಬೆಳಿಗ್ಗೆ ವಿನುತ ಅದನ್ನೂ ಇನೆಸ್ ಅವರನ್ನೂ ನನ್ನ ಅಂಗಡಿಗೆ ಕರೆತಂದಳು. ನಾನು ಹೊಲಿಯುತ್ತಿದ್ದರೆ ಇನೆಸ್ ಸ್ಟೂಲಿನ ಮೇಲೆ ಕೂತು ನನ್ನ ಕಾಲನ್ನೇ ನೋಡುತ್ತ, ಮಿಷನ್ನಿನ ಲಯಕ್ಕೆ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಅವರಿಗೆ ಬರುತ್ತಿದ್ದ ಕನ್ನಡ ಒಂದೇ ಶಬ್ದ, "ಸಾಕು". ಊಟಕ್ಕೆ ಕರೆದವರ ಮನೆಯಲ್ಲೆಲ್ಲ ಬಡಿಸಿದ್ದಕ್ಕೆ ಹೆದರಿ ಮೊದಲು ಕಲಿತದ್ದು ಅದನ್ನೇ ಎಂದು ವಿನುತ ಹೇಳಿದಳು. ನಾನು ಕೊಟ್ಟ ಎರಡನೇ ಲೋಟ ಕಾಫಿಗೂ ಅಂಗೈ ಅಡ್ಡ ಹಿಡಿದು "ಸಾಕು, ಸಾಕು" ಎಂದರು. ಇಬ್ಬರೂ ನಕ್ಕೆವು.

ನಮ್ಮ ಸಮುದಾಯ ಭವನದ್ದು ಸಿಮೆಂಟ್ ನೆಲ. ಸಿಮೆಂಟಿನ ಮೇಲೆ ಆ ನೃತ್ಯ ಮಾಡಿದರೆ ಮಂಡಿ ಹೋಗುತ್ತದೆ, ಸದ್ದೂ ಬರುವುದಿಲ್ಲ. ಹಾಗಾಗಿ ನಮ್ಮೂರಿನ ಬಡಗಿ ಗಣಪಾಚಾರ್ರಿಗೆ ಹೇಳಿ ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಮರದ ಅಟ್ಟಣೆ ಮಾಡಿಸಿದ್ದರು. ನೆಲದಿಂದ ಒಂದು ಗೇಣು ಎತ್ತರ. ಕೆಳಗೆ ಹಲಸಿನ ಮರದ ಚೌಕಟ್ಟು, ಮೇಲೆ ದಪ್ಪ ಪ್ಲೈವುಡ್. ಕಾರ್ಯಕ್ರಮದ ದಿನ ಮಧ್ಯಾಹ್ನ ಅಭ್ಯಾಸಕ್ಕೆ ಸೇರಿದಾಗ ಆಚಾರ್ರು ಇನೆಸ್ ಅವರ ಶೂ ತಿರುಗಿಸಿ ನೋಡಿ, "ಈ ಮೊಳೆಗೆ ನನ್ನ ಪ್ಲೈವುಡ್ ಒಂದೇ ದಿನಕ್ಕೆ ಜರಡಿ ಆಗ್ತದೆ ಬಿಡಿ" ಎಂದರು. ವಿನುತ ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಇನೆಸ್ ಆಚಾರ್ರ ಭುಜ ತಟ್ಟಿ ನಕ್ಕರು. ಆ ಮಧ್ಯಾಹ್ನ ಅವರು ನಕ್ಕಿದ್ದು ಅಷ್ಟೇ.

ಮೈಕಿನವರು ಇನ್ನೂ ಬಂದಿರಲಿಲ್ಲ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಕೇಳಿದವರೆಲ್ಲ ಮೊದಲು ಅನುಮಾನಪಟ್ಟಿದ್ದು ಸ್ಪೀಕರ್ ಮೇಲೆ. ಭವನದಲ್ಲಿ ಒಂದು ವೈರೂ ಎಳೆದಿರಲಿಲ್ಲ. ಮನುವೆಲ್ ಅಟ್ಟಣೆಯ ಎಡಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ವಿನುತ ಎದುರಿಗೆ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಆಚಾರ್ರು ಬಾಗಿಲ ಹತ್ತಿರ ಎಲೆಯಡಿಕೆಯ ಕವಳ ಹಾಕಿಕೊಂಡು ನಿಂತಿದ್ದರು. ನಾನು ಅಟ್ಟಣೆಗೆ ತಾಗಿದಂತೆ ನೆಲದ ಮೇಲೆ ಕೂತು ಲಂಗದ ಕೊನೆಯ ಫ್ರಿಲ್ಲಿಗೆ ಕೈಹೊಲಿಗೆ ಹಾಕುತ್ತಿದ್ದೆ. ಇನೆಸ್ ಅಭ್ಯಾಸದ ಗಿಡ್ಡ ಲಂಗ ಹಾಕಿದ್ದರಿಂದ ಅವರ ಪಾದಗಳು ನನ್ನ ಕಣ್ಣಿನ ಮುಂದೆಯೇ ಇದ್ದವು.

ಮೊದಲು ಗಮನಿಸಿದ್ದು ನಾನೇ ಇರಬೇಕು. ಮಿಷನ್ ತುಳಿಯುವವರಿಗೆ ಕಾಲಿಗೂ ಸದ್ದಿಗೂ ಇರುವ ಸಂಬಂಧ ಮೈಗೇ ಗೊತ್ತಿರುತ್ತದೆ. ಏನೋ ಸರಿಯಿಲ್ಲ ಎನ್ನಿಸಿ ತಲೆಯೆತ್ತಿದೆ. ಶೂ ಹಲಗೆಗೆ ತಾಗುವ ಮೊದಲೇ ಸದ್ದು ಬರುತ್ತಿತ್ತು. ರೆಪ್ಪೆ ಮಿಟುಕಿಸುವಷ್ಟು ಮೊದಲು. ಖಾಲಿ ಹಾಲ್, ತಗಡಿನ ಮಾಡು, ಸದ್ದು ಮರಳುತ್ತಿದೆ ಎಂದುಕೊಂಡೆ. ಆದರೆ ಮರಳುವ ಸದ್ದು ಆಮೇಲಲ್ಲವೇ ಬರಬೇಕು?

ವಿನುತ ಫೋನಿನ ಮೇಲಿಂದ ನನ್ನ ಕಡೆ ನೋಡಿದಳು. "ಅಕ್ಕಾ, ನಿಮಗೂ ಹಂಗೇ ಕೇಳ್ತಾ ಇದ್ಯಾ?"

"ಮೊದ್ಲೇ ಬರ್ತಾ ಇದೆ ಅಲ್ವನೇ?" ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

ಇನೆಸ್ ನಿಂತರು. ಅವರಿಗೂ ಗೊತ್ತಾಗಿತ್ತು. ಆಚಾರ್ರು ಬಂದು ಬಗ್ಗಿ, ಹಲಗೆಯ ಮೇಲೆಲ್ಲ ಗೆಣ್ಣಿನಿಂದ ಕುಟ್ಟಿ ನೋಡಿದರು. ಅವರ ಕುಟ್ಟುವಿಕೆಗೆ ಸದ್ದು ಸರಿಯಾಗಿಯೇ ಬಂತು. "ಎಲ್ಲೂ ಸಡಿಲ ಇಲ್ಲ ಮಾರಾಯ್ರೆ, ಗಟ್ಟಿ ಕೂತಿದೆ" ಎಂದು ಹಿಂದೆ ಸರಿದರು.

ಇನೆಸ್ ಪರೀಕ್ಷೆ ಮಾಡುವವರ ಹಾಗೆ ಬಲಗಾಲನ್ನು ನಿಧಾನಕ್ಕೆ ಎತ್ತಿ ಹಿಡಿದರು. ಕಾಲು ಗಾಳಿಯಲ್ಲಿದ್ದಾಗಲೇ ಹಲಗೆಯ ಮೇಲೆ "ಟಕ್" ಎಂದಿತು. ಮನುವೆಲ್ ಚಪ್ಪಾಳೆ ನಿಲ್ಲಿಸಿದರು. ಇನೆಸ್ ಕಾಲು ಇಳಿಸಲಿಲ್ಲ. ಇಳಿಸಬಾರದು ಎಂದು ಹಟ ಹಿಡಿದಿದ್ದು ನನಗೆ ಕಾಣುತ್ತಿತ್ತು. ತೊಡೆಯ ನರ ಬಿಗಿದಿತ್ತು, ಮೇಲ್ದುಟಿಯ ಮೇಲೆ ಬೆವರು ಒಡೆದಿತ್ತು. ಎರಡೋ ಮೂರೋ ಉಸಿರಿನಷ್ಟು ಹೊತ್ತು ಹಾಗೇ ಹಿಡಿದರು. ಆಮೇಲೆ ಯಾರೋ ಒತ್ತಿದ ಹಾಗೆ ಕಾಲು ಕೆಳಗೆ ಬಡಿಯಿತು. ಬಡಿದಾಗ ಸದ್ದೇ ಬರಲಿಲ್ಲ. ಆ ಸದ್ದು ಆಗಲೇ ಬಂದು ಮುಗಿದಿತ್ತು.

ಅವರು ವಿನುತಳಿಗೆ ಏನೋ ಹೇಳಿದರು. ವಿನುತ ಬಿಳಿಚಿಕೊಂಡು, "ನಾನಲ್ಲ ಇಳಿಸಿದ್ದು ಅಂತಿದಾರೆ ಅಕ್ಕಾ" ಎಂದಳು.

"ಹಂಗಾದ್ರೆ ಕೆಳಗೆ ಬರಕ್ಕೆ ಹೇಳು!" ಎಂದೆ.

ವಿನುತ ಹೇಳಿದಳು. ಇನೆಸ್ ತಲೆಯಾಡಿಸಿದರು. ಬರುವುದಿಲ್ಲ ಎಂದಲ್ಲ, ಬರಲಾಗುತ್ತಿಲ್ಲ ಎಂದು. ಅಷ್ಟರಲ್ಲಿ ಅವರ ಕಾಲ ಬುಡದಿಂದ ಸದ್ದು ಮತ್ತೆ ಶುರುವಾಯಿತು. ಅವರು ಅಲ್ಲಾಡದೆ ನಿಂತಿದ್ದರು. ಎರಡೂ ಪಾದ ಹಲಗೆಯ ಮೇಲಿದ್ದವು. ಸದ್ದು ಮಾತ್ರ ಅವರ ಸುತ್ತ ಕುಣಿಯುತ್ತಿತ್ತು. ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ಬೆಣಚುಕಲ್ಲು ಸುರಿದ ಹಾಗೆ ಒಂದೇ ಸಮನೆ. ಅದು ಅಟ್ಟಣೆಯ ಮುಂಭಾಗದ ಅಂಚಿಗೆ ಬಂತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಿಮೆಂಟ್ ನೆಲದ ಮೇಲೆ ದೊಪ್ಪನೆ ಏನೋ ಬಿತ್ತು.

ಆ ಸದ್ದನ್ನು ಹೇಗೆ ವರ್ಣಿಸಲಿ? ಮೂಟೆ ಬಿದ್ದ ಸದ್ದಲ್ಲ. ಮನುಷ್ಯರ ಮೈ ಬೀಳುವ ಸದ್ದು ಬೇರೆಯೇ ಇರುತ್ತದೆ. ಮೊದಲು ಮೈ, ಅದರ ಹಿಂದೆಯೇ ತಲೆ. ತಲೆ ಬಡಿದದ್ದು ತೆಂಗಿನಕಾಯಿ ನೆಲಕ್ಕೆ ಕುಕ್ಕಿದ ಹಾಗಿತ್ತು. ನಾವೆಲ್ಲ ಆ ಜಾಗ ನೋಡಿದೆವು. ಖಾಲಿ ನೆಲ, ಕಿಟಕಿಯ ಬಿಸಿಲು. ಇನೆಸ್ ಇನ್ನೂ ನಿಂತೇ ಇದ್ದರು.

ವಿನುತಳ ಕೈಯಿಂದ ಫೋನ್ ಜಾರಿ ಬಿತ್ತು. ಆಗ ಇನೆಸ್ ಅವರ ಪಾದಗಳು ಚಲಿಸತೊಡಗಿದವು.

ಸದ್ದೇ ಇಲ್ಲ. ಮೊಳೆ ಹೊಡೆದ ಶೂಗಳು ಹಲಗೆಗೆ ಬಡಿಯುತ್ತಿವೆ, ಅರಳೆಯ ಮೇಲೆ ಬಡಿದ ಹಾಗೆ ಮೌನ. ಮೊದಲು ನಿಧಾನ, ಆಮೇಲೆ ಜೋರು. ನಾವು ಈಗಷ್ಟೇ ಕೇಳಿದ್ದನ್ನೇ ಆ ಕಾಲುಗಳು ಒಂದೊಂದಾಗಿ ಮಾಡುತ್ತಿದ್ದವು. ಇನೆಸ್ ಅವರ ಕೈಗಳು ನೃತ್ಯ ಮಾಡುತ್ತಿರಲಿಲ್ಲ, ಏನಾದರೂ ಹಿಡಿದುಕೊಳ್ಳಲು ತಡಕಾಡುತ್ತಿದ್ದವು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಸಾಕು," ಎಂದರು, ನೆಲಕ್ಕೋ ನಮಗೋ ಗೊತ್ತಾಗಲಿಲ್ಲ. "ಸಾಕು, ಸಾಕು." ಅವರು ಅಂಚಿನ ಕಡೆ ಸರಿಯುತ್ತಿದ್ದರು. ಕೊನೆಯಲ್ಲಿ ಏನಿದೆ ಎಂಬುದು ನಮಗೆಲ್ಲ ಗೊತ್ತಿತ್ತು.

ನನಗೆ ಧೈರ್ಯ ಬಂತು ಎಂದು ಹೇಳಲಾರೆ. ಹೆದರಿಕೆಯಿಂದಲೇ ಎದ್ದು ಓಡಿದೆ. ಅಟ್ಟಣೆ ಹತ್ತಿ ಅವರ ಸೊಂಟವನ್ನು ಹಿಂದಿನಿಂದ ತಬ್ಬಿ ಹಿಡಿದೆ. ಅಷ್ಟು ತೆಳ್ಳಗಿನ ಹೆಂಗಸು, ನನ್ನನ್ನೂ ಎಳೆದುಕೊಂಡು ಅಂಚಿಗೆ ಹೋಗುತ್ತಿದ್ದರು. "ಆಚಾರ್ರೇ, ಬನ್ರೀ!" ಎಂದು ಕಿರುಚಿದೆ. ಗಣಪಾಚಾರ್ರು ಹಾರಿ ಬಂದು ಅವರ ಎರಡೂ ಕಾಲನ್ನು ಬಾಚಿ ಎತ್ತಿದರು. ಅವರ ಹಿಡಿತದಲ್ಲೂ ಆ ಕಾಲುಗಳು ಒದೆಯುತ್ತಿದ್ದವು. ಒಂದು ಕಾಲು ಬಿಡಿಸಿಕೊಂಡು ನನ್ನ ಮೊಣಕಾಲಿನ ಕೆಳಗೆ ಬಡಿಯಿತು. ಆ ಗಾಯದ ಕಲೆ ಇವತ್ತಿಗೂ ಇದೆ. ಹಿಂಭಾಗದಿಂದ ಹೇಗೋ ಇಳಿಸಿ ಸಿಮೆಂಟ್ ನೆಲದ ಮೇಲೆ ಕೂರಿಸಿದೆವು. ಮಿಷನ್ನಿನ ಬೆಲ್ಟು ಕಳಚಿದ ಹಾಗೆ ಕಾಲುಗಳು ತಟ್ಟನೆ ನಿಂತವು.

ಇನೆಸ್ ನನ್ನ ಸೆರಗು ಹಿಡಿದುಕೊಂಡೇ ಇದ್ದರು. ಮನುವೆಲ್ ಅವರ ಶೂ ಬಿಚ್ಚಿ, ಪಾದಗಳನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಮಗುವಿನ ಕಾಲನ್ನು ತಿಕ್ಕುವ ಹಾಗೆ ತಿಕ್ಕುತ್ತಿದ್ದರು.

ಸಂಜೆ ಜನ ಬಂದರು. ಕಾರ್ಯಕ್ರಮ ಬೇಡ ಎಂದು ವಿನುತ ಅತ್ತಳು. ಇನೆಸ್ ಒಪ್ಪಲಿಲ್ಲ, ಆದರೆ ನರ್ತಿಸಲೂ ಇಲ್ಲ. ಬರಿಗಾಲಲ್ಲಿ ಕುರ್ಚಿಯ ಮೇಲೆ ಕೂತು ಮನುವೆಲ್ ಹಾಡಿಗೆ ಚಪ್ಪಾಳೆ ತಟ್ಟಿದರು. ನಮ್ಮೂರಿನವರು ಫ್ಲೆಮೆಂಕೊ ಎಂದರೆ ಹಾಗೇ ಇರುತ್ತದೆ ಎಂದುಕೊಂಡು ಮೆಚ್ಚಿಕೊಂಡು ಹೋದರು. ಎರಡು ದಿನ ಬಿಟ್ಟು ತೀರ್ಥಹಳ್ಳಿಯಲ್ಲಿ, ಅಲ್ಲಿನ ಹಳೆಯ ಮರದ ವೇದಿಕೆಯ ಮೇಲೆ ಇನೆಸ್ ಪೂರ್ತಿ ನರ್ತಿಸಿದರು. ನಾನು ಪಕ್ಕದ ಪರದೆಯ ಹಿಂದೆ ಉಗುರು ಕಚ್ಚುತ್ತ ನಿಂತಿದ್ದೆ. ಅಲ್ಲಿ ಏನೂ ಆಗಲಿಲ್ಲ. ಕಾಲು ಬಡಿದಾಗಲೇ ಸದ್ದು ಬಂತು.

ಗಣಪಾಚಾರ್ರು ಆ ಅಟ್ಟಣೆಯನ್ನು ಮರುದಿನವೇ ಬಿಚ್ಚಿದರು. ಒಳಗೆ ಮರದ ಹೊಟ್ಟು, ಒಂದು ಮರೆತ ಉಳಿ, ಅಷ್ಟೇ. ಹಲಸಿನ ತುಂಡುಗಳು ಎಲ್ಲಿಂದ ಬಂದವು ಎಂದು ಕೇಳಿದೆ. "ಡಿಪೋದಿಂದ ತಂದ ಹೊಸ ಮರನೇ ಅಮ್ಮ. ಹಳೇ ಮನೇದಾಗಿದ್ರೆ ಅದ್ರಲ್ಲೇ ಏನೋ ಇತ್ತು ಅಂತ ನಾನೇ ಹೇಳ್ತಿದ್ದೆ" ಎಂದರು. ವೈದ್ಯರೊಬ್ಬರು ನರದ ತೊಂದರೆಯಿಂದ ಕಾಲು ಹಿಡಿತ ತಪ್ಪಬಹುದು ಎಂದರು. ಇನೆಸ್ ತಮ್ಮ ಊರಿಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದು ಬರೆಸಿಕೊಂಡರಂತೆ. ನರದ ತೊಂದರೆಯೇ ಇದ್ದರೂ ಅದರ ಸದ್ದು ನಮ್ಮ ಕಿವಿಗೆ ಕೇಳುವುದು ಹೇಗೆ?

ವಿನುತಳ ಫೋನಿನ ಗಾಜು ಒಡೆದಿದ್ದರೂ ವಿಡಿಯೋ ಉಳಿದಿತ್ತು, ಶುರುವಿನ ಸ್ವಲ್ಪ ಭಾಗ. ಮೊಬೈಲ್ ರಿಪೇರಿ ಮಾಡುವ ಪರಿಚಯದವರಿಗೆ ತೋರಿಸಿದೆವು. "ವಿಡಿಯೋದಲ್ಲಿ ಸೌಂಡು ಒಂಚೂರು ಹಿಂದೆ ಮುಂದೆ ಆಗೋದು ಮಾಮೂಲಿ" ಎಂದು ಅವರು ನಕ್ಕರು. ನನಗೂ ಸಮಾಧಾನವಾಯಿತು. ವಿನುತ ಅದನ್ನೇ ಮತ್ತೆ ಹಾಕಿ, ಪರದೆಯ ಮೂಲೆಯಲ್ಲಿ ಕೂತಿದ್ದ ಮನುವೆಲ್ ಅವರ ಕೈಗಳನ್ನು ಬೆರಳಿಟ್ಟು ತೋರಿಸಿದಳು. ಅವರ ಚಪ್ಪಾಳೆಯ ಸದ್ದು ಕೈ ಸೇರಿದಾಗಲೇ ಬರುತ್ತಿತ್ತು. ಇನೆಸ್ ಅವರ ಕಾಲಿನದ್ದು ಮಾತ್ರ ಮೊದಲೇ. ರಿಪೇರಿಯವರು ಮೂರು ಸಲ ನೋಡಿ ಫೋನನ್ನು ನಮ್ಮ ಕೈಗೆ ಕೊಟ್ಟರು.

ಇನೆಸ್ ಈಗಲೂ ತಮ್ಮ ಊರಿನಲ್ಲಿ ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದಾರೆ. ಮಂಡಿ ನೋವು ಹಾಗೇ ಇದೆಯಂತೆ. ವಿನುತ ಫೋನ್ ಮಾಡಿದಾಗಲೆಲ್ಲ ನಾನು ಮೊದಲು ಕೇಳುವುದು ಅವರ ವಿಷಯ. "ಚೆನ್ನಾಗಿದಾರೆ ಅಕ್ಕಾ" ಎಂದು ಅವಳು ಹೇಳುವವರೆಗೆ ನಾನು ಮಿಷನ್ ತುಳಿಯುವುದಿಲ್ಲ. ಅವತ್ತು ಅವರನ್ನು ಉಳಿಸಿದಿರಿ ಎಂದು ವಿನುತ ಎಷ್ಟೋ ಸಲ ಹೇಳಿದ್ದಾಳೆ. ಉಳಿಸಿದೆನೋ, ಆಗಬೇಕಾದ್ದನ್ನು ಬರೀ ಮುಂದಕ್ಕೆ ಹಾಕಿದೆನೋ ಗೊತ್ತಿಲ್ಲ. ಅವತ್ತು ಬಂದ ಪ್ರತಿ ಸದ್ದಿಗೂ ಆಮೇಲೆ ಒಂದು ಹೆಜ್ಜೆ ಬಂದಿತ್ತು, ಬಾಕಿ ಉಳಿದದ್ದು ಕೊನೆಗೆ ಕೇಳಿದ ಆ ಬಿದ್ದ ಸದ್ದು ಮಾತ್ರ. ಅದು ಇನೆಸ್ ಅವರದೇ ಎಂದು ಅಂದು ನಾವೆಲ್ಲ ಅಂದುಕೊಂಡೆವು. ಆದರೆ ಆಮೇಲೆ ನಾನೂ ಆ ಹಲಗೆ ಹತ್ತಿದ್ದೆ, ಆಚಾರ್ರೂ ಹತ್ತಿದ್ದರು. ಆ ಬಿದ್ದ ಸದ್ದು ನಮ್ಮ ಮೂವರಲ್ಲಿ ಯಾರದು ಎಂದು ನನಗೆ ಇನ್ನೂ ತಿಳಿದಿಲ್ಲ.