ಸಿನಿಮಾದ ಸುಂಟರಗಾಳಿ, ಕಣದ ಸುಳಿಗಾಳಿ ಮತ್ತು ನನ್ನ ಬೂಟುಗಳು

ಅರವತ್ತರ ದಶಕದ ಆರಂಭದಲ್ಲಿ ನಾನು ಹೊಳೆನರಸೀಪುರದಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಎರಡು ಮೈಲಿ ದೂರದ ಹಳ್ಳಿಯಲ್ಲಿ ಒಬ್ಬ ಗೌಡರ ಮನೆಯಲ್ಲಿ ವಾಸ, ಊಟ. ಐದಕ್ಕೆ ಏಳುತ್ತಿದ್ದೆ, ಆರಕ್ಕೆ ಸ್ನಾನ, ಏಳಕ್ಕೆ ಬೂಟಿಗೆ ಪಾಲಿಷ್. ಆ ಮನೆಯಲ್ಲಿ ಗಡಿಯಾರವಿರಲಿಲ್ಲ. ಗೌಡರ ಹೆಂಡತಿ ನನ್ನನ್ನು ನೋಡಿಕೊಂಡು ಒಲೆ ಹಚ್ಚುತ್ತಿದ್ದರು.

ಸುಗ್ಗಿಯ ಒಂದು ಶನಿವಾರ ಗೌಡರು ಟೆಂಟಿನಲ್ಲಿ ಸಿನಿಮಾ ನೋಡಿ ಬಂದರು. ಅದರಲ್ಲಿ ಸುಂಟರಗಾಳಿಯೊಂದು ಎತ್ತಿನ ಗಾಡಿಯನ್ನೂ ಮನೆಯ ಸೂರನ್ನೂ ಒಬ್ಬ ಸಾಹುಕಾರನನ್ನೂ ಹೊತ್ತೊಯ್ದಿತ್ತು. ಮರುದಿನ ಗೌಡರು ರಾಗಿ ತೂರುವುದಿಲ್ಲವೆಂದು ಜಗಲಿಯ ಮೇಲೆ ಕೂತುಬಿಟ್ಟರು.

ಕಣ ಊರಿಗೆಲ್ಲ ಒಂದೇ. ಗೌಡರ ಸರದಿ ಆ ಭಾನುವಾರ ಸಂಜೆಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ತೂರದಿದ್ದರೆ ಹೊಟ್ಟಿನ ಸಮೇತ ರಾಗಿಯನ್ನು ಬದಿಗೆ ಎತ್ತಿಹಾಕಿ, ಎಲ್ಲರದೂ ಮುಗಿಯುವ ತನಕ ಇಲಿ ಹೆಗ್ಗಣಗಳ ಜೊತೆ ಕಾಯಬೇಕು. ಅದು ಆ ಮನೆಯ ಇಡೀ ವರ್ಷದ ಹಿಟ್ಟು. ನನ್ನ ಮುದ್ದೆಯೂ ಅದರಲ್ಲೇ ಇತ್ತು.

"ಗಾಡಿನೇ ಎತ್ಕೊಂಡೋಯ್ತು ಮೇಷ್ಟ್ರೇ. ಇನ್ನು ರಾಗಿ ಬುಟ್ಟಾತಾ?" ಎಂದರು ಗೌಡರು.

"ದುಡ್ಡು ಕೊಟ್ಟು ಎದ್ರುಕೊಂಡ್ ಬಂದವ್ರೆ, ನೋಡಿ ಸಾ. ಮನೇಲಿದ್ದಿದ್ರೆ ನಾನೇ ಎದ್ರಿಸ್ತಿದ್ದೆ," ಎಂದರು ಅವರ ಹೆಂಡತಿ.

ನಾನು ವಿವರಿಸಿದೆ. ನಿಜವಾದ ಸುಂಟರಗಾಳಿ ದೊಡ್ಡ ಗುಡುಗುಮೋಡದಿಂದ ಕೆಳಗಿಳಿಯುತ್ತದೆ. ಈಗ ಆಕಾಶದಲ್ಲಿ ಮೋಡವೇ ಇಲ್ಲ. ನಮ್ಮ ಸುಳಿಗಾಳಿ ಕಾದ ನೆಲದಿಂದ ಮೇಲೇಳುವಂಥದ್ದು. ಒಂದೆರಡು ನಿಮಿಷ ಧೂಳು, ತರಗೆಲೆ ಎತ್ತಿ ತಾನೇ ಅಡಗುತ್ತದೆ.

"ಸಿನಿಮಾದಲ್ಲಿ ಗಾಡಿ ಹಾರಿತಲ್ಲ, ನಾಯಕಿಯ ಮುಡಿಯ ಹೂವು ಹಾರಿತೇ?" ಎಂದು ಕೇಳಿದೆ.

ಗೌಡರು ಯೋಚಿಸಿದರು. "ಇಲ್ಲ ಕಣ್ರಪ್ಪ. ಸಾವ್ಕಾರ ಮಾತು ಮುಗ್ಸೋಗಂಟ ಗಾಳಿನೂ ಕಾದಿತ್ತು."

ನೆಲ ಅತಿಯಾಗಿ ಕಾಯುವುದು ಹನ್ನೆರಡರಿಂದ ಮೂರರವರೆಗೆ. ಆದ್ದರಿಂದ ನಾಲ್ಕಕ್ಕೆ ತೂರಲು ಆರಂಭಿಸಬೇಕೆಂದು ವೇಳಾಪಟ್ಟಿ ಹಾಕಿಕೊಟ್ಟೆ. ಗೌಡರು ಒಪ್ಪಿದರು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸುಳಿಗಾಳಿ ಬಂತು.

ಹೊಲದ ಕಡೆಯಿಂದ ಕೆಂಪು ಕಂಬದಂತೆ ನೇರ ರಾಶಿಯತ್ತಲೇ ಬರುತ್ತಿತ್ತು. ಗೌಡರು ಮೊರ ಬಿಟ್ಟು ರಾಶಿಯ ಮೇಲೆ ಬೋರಲು ಮಲಗಿದರು. ಸುಳಿಗಾಳಿಯನ್ನು ದೆವ್ವದ ಗಾಳಿಯೆಂದು ಕರೆದು ಎಕ್ಕಡ ಬೀಸಿ ಓಡಿಸುವುದು ಅಲ್ಲಿನ ಪದ್ಧತಿ. ಆದರೆ ಕಣಕ್ಕೆ ಯಾರೂ ಎಕ್ಕಡ ಮೆಟ್ಟಿಕೊಂಡು ಬರುವಂತಿಲ್ಲ, ಅದೂ ಪದ್ಧತಿಯೇ. ಎಲ್ಲರೂ ಬರಿಗಾಲಲ್ಲಿದ್ದರು. ಕಣದ ಅಂಚಿನಲ್ಲಿ ನನ್ನ ಬೂಟುಗಳು ಮಾತ್ರ ಜೋಡಿಯಾಗಿ ನಿಂತಿದ್ದವು.

"ತಪ್ಪು ತಿಳೀಬ್ಯಾಡಿ ಸಾ!" ಎಂದು ಗೌಡರ ಹೆಂಡತಿ ಮೊದಲು ಎಡದ್ದನ್ನು, ಆಮೇಲೆ ಬಲದ್ದನ್ನು ಗಾಳಿಯತ್ತ ಬೀಸಿ ಎಸೆದರು. ಗಾಳಿ ಕಣದ ಅಂಚು ಸುತ್ತಿ, ಒಂದಿಷ್ಟು ಹೊಟ್ಟು ಎತ್ತಿಕೊಂಡು, ಬದುವಿನ ಬಳಿ ಅಡಗಿತು. ಹೊಟ್ಟು ಹೇಗೂ ಹೋಗಬೇಕಾದದ್ದೇ. ರಾಗಿ ಇದ್ದಲ್ಲೇ ಇತ್ತು, ಗೌಡರೂ ಇದ್ದಲ್ಲೇ ಇದ್ದರು.

ಸೂರ್ಯ ಮುಳುಗುವ ಮೊದಲು ತೂರಿ ಮುಗಿಯಿತು. ಸಗಣಿ ಸಾರಿಸಿದ ಕಣಕ್ಕೆ ಮರದ ನೆರಳು ಬಿದ್ದು ನೆಲ ತಣ್ಣಗಾಗಿತ್ತು, ಗಾಳಿಗೆ ಬಲ ಸಾಲಲಿಲ್ಲ ಎಂದು ನಾನು ವಿವರಿಸಿದೆ. "ಔದು ಸಾ, ಬೂಟೂ ಗಟ್ಟಿ ಇತ್ತು," ಎಂದರು ಗೌಡರ ಹೆಂಡತಿ.

ಎಸೆದ ಬಲಗಾಲಿನ ಬೂಟು ಕಣದಾಚೆಯ ಬಾವಿಗೆ ಬಿದ್ದಿತ್ತು, ಸಿಗಲಿಲ್ಲ. ಮುಂದಿನ ಸುಗ್ಗಿಯಲ್ಲಿ ಗೌಡರು ತೂರುವ ದಿನ ಬಂದು, ಉಳಿದ ಎಡಗಾಲಿನದನ್ನು ಕೇಳಿದರು. ಪಾಲಿಷ್ ಮಾಡಿ ಕೊಟ್ಟೆ.