ನೈಋತ್ಯದ ಭಾರ

ಉಸಿರನ್ನು ಕೊಟ್ಟವನಿಗೆ, ಕೊಟ್ಟದ್ದನ್ನು ಆ ವರ್ಷ ಹಿಂದಕ್ಕೆ ಕೇಳದೆ ಬಿಟ್ಟವನಿಗೆ, ಮೊದಲ ನಮಸ್ಕಾರ. ಬಡಿದರೂ ಕೊಲ್ಲದೆ ಹೋದ ಗಾಳಿಗೆ ನಮಸ್ಕಾರ. ಕಬ್ಬಿಣಕ್ಕೆ, ಕಲ್ಲಿಗೆ ನಮಸ್ಕಾರ.

ಮಹಾಮಾರಿಯ ಎರಡನೆಯ ಅಲೆ ಐರ್ಲೆಂಡಿಗೆ ಬಂದಾಗ ನಾನೂ ನನ್ನ ಪತ್ನಿಯೂ ವಾಟರ್‌ಫರ್ಡ್ ಹೊರವಲಯದ ಮಗಳ ಮನೆಯಲ್ಲಿದ್ದೆವು. ಮಗಳು ಆಸ್ಪತ್ರೆಯ ವೈದ್ಯೆ. ನಿಂತ ಹೃದಯವನ್ನು ಎಬ್ಬಿಸಲು ರೋಗಿಯ ಎದೆಯನ್ನು ಒತ್ತುವಾಗ ಪಕ್ಕೆಲುಬು ಮುರಿಯುವುದು ಅಂಗೈಗೆ ತಿಳಿಯುತ್ತದೆಂದು ಒಮ್ಮೆ ಫೋನಿನಲ್ಲಿ ಹೇಳಿದವಳು ಮತ್ತೆ ಆ ಮಾತೆತ್ತಲಿಲ್ಲ. ಹಳೆಯ ಕ್ಷಯ ನನ್ನ ಒಂದು ಶ್ವಾಸಕೋಶವನ್ನು ತಿಂದುಹಾಕಿತ್ತು. ಸೋಂಕು ನನಗೆ ತಗಲೀತೆಂದು ಅವಳು ಸ್ವಂತ ಮನೆಯೊಳಗೆ ಕಾಲಿಡಲಾರದೆ ಆಸ್ಪತ್ರೆಯ ಕೋಣೆಯಲ್ಲೇ ಮಲಗುತ್ತಿದ್ದಳು. ಐದು ವರ್ಷದ ಮೊಮ್ಮಗಳು ತಾಯಿಯ ದಿಂಬನ್ನು ಹಲ್ಲಿನಿಂದ ಸೀಳಿದ್ದಳು. ಅಂಗಳದಲ್ಲಿ ಒಂದು ಕ್ಯಾರವಾನ್, ಗಾಡಿಗೆ ಕಟ್ಟಿ ಎಳೆಯುವ ಪುಟ್ಟ ಮನೆ, ನಿಂತರೆ ತಾಯಿ ಅದರಲ್ಲಿದ್ದು ಕಿಟಕಿಯಾಚೆಗಾದರೂ ಮಗುವಿಗೆ ಕಾಣುವಳೆಂಬುದು ಅಳಿಯನ ಯೋಚನೆ. ಅವಳ ಕೆಲಸ ಮುಂದೆ ಲಿಮೆರಿಕ್‌ಗೆ ಬದಲಾಗುವುದಿತ್ತು. ಆದ್ದರಿಂದ ಕ್ಯಾರವಾನನ್ನು ಅಲ್ಲಿಗೂ ಎಳೆದೊಯ್ಯಲು ಸ್ವಂತ ಪಿಕಪ್ಪೂ ಬೇಕಾಯಿತು.

ಕಡಲ ಸಮೀಪದ ರೈತನೊಬ್ಬ ಕ್ಯಾರವಾನ್ ಕೊಟ್ಟ. ಅವನ ಬಳಿ ಮಾರಲು ಎರಡು ಪಿಕಪ್‌ಗಳಿದ್ದವು. ಒಂದು ನೀಲಿ, ಹಗುರ, ಮೆತ್ತನೆಯ ಆಸನಗಳದು. ಇನ್ನೊಂದು ಬೂದು ಬಣ್ಣದ ಮುದಿ ವಾಹನ. ಕಾಳಗದಿಂದ ಮರಳಿದ ಆನೆಯಂತೆ ಮೈಯೆಲ್ಲ ಜಜ್ಜಿಹೋಗಿತ್ತು.

"ನೀಲಿದೇ ಮಾವ. ಓಡ್ಸೋಕೆ ಆರಾಮು, ಪವರ್ರೂ ಜಾಸ್ತಿ," ಎಂದ ಅಳಿಯ.

ಅಷ್ಟರಲ್ಲಿ ಪತ್ನಿ ಮಗಳಿಗೆ ಬೇಕೆಂದು ಮನೆಯಿಂದ ತಂದ ಸಾಮಾನನ್ನು ಕ್ಯಾರವಾನಿಗೆ ತುಂಬಿಸುತ್ತಿದ್ದಳು. ನಮ್ಮ ಅಂಗಳದಲ್ಲಿ ಅದರ ಹಿಂಬದಿ ನೈಋತ್ಯಕ್ಕೆ ಬರುವುದೆಂದು ಮೊಬೈಲಿನ ದಿಕ್ಸೂಚಿಯಲ್ಲಿ ಮೊದಲೇ ನೋಡಿಟ್ಟಿದ್ದಳು.

"ಭಾರ ನೈಋತ್ಯದಲ್ಲೇ ಇರ್ಬೇಕು. ಈಗ್ಲೇ ಇಟ್ಬಿಡಿ, ಆಮೇಲೆ ಯಾರು ಎತ್ತಾಡ್ತಾರೆ?"

"ಚಕ್ರದ ಮೇಲಿರೋ ಮನೆಗೂ ವಾಸ್ತುನಾ ಅತ್ತೆ?"

"ಮಲಗೋಳು ನನ್ನ ಮಗಳಲ್ವಾ? ಎತ್ತಿ, ಎತ್ತಿ."

ಅಕ್ಕಿಯ ಮೂಟೆಗಳು, ನೀರಿನ ಕ್ಯಾನುಗಳು, ದೋಸೆಹಿಟ್ಟಿನ ಕಲ್ಲಿನ ಗ್ರೈಂಡರ್ ಎಲ್ಲವೂ ಹಿಂಗೋಡೆಗೆ ಒತ್ತಿ ನಿಂತವು. ಶಾಸ್ತ್ರಕ್ಕೆ ಸರಿಯಾಗಿದೆಯೆಂದು ನಾನೂ ತಲೆದೂಗಿದೆ.

ಪರೀಕ್ಷೆಗೆಂದು ನೀಲಿ ಪಿಕಪ್ಪಿಗೆ ಕ್ಯಾರವಾನ್ ಕಟ್ಟಿ ನಾನೂ ಅಳಿಯನೂ ಹೊರಟೆವು. ರೈತ ಬೂದು ಪಿಕಪ್ಪಿನಲ್ಲಿ ಹಿಂಬಾಲಿಸಿದ. ಕಡಲಿನತ್ತ ಇಳಿಯುವ ದಾರಿಯಲ್ಲಿ ಗಾಳಿ ಪಕ್ಕೆಗೆ ಗುದ್ದಿತು. ಕ್ಯಾರವಾನ್ ಒಮ್ಮೆ ಬಾಲ ಬೀಸಿತು. ಮರುಕ್ಷಣ ಇನ್ನೊಂದು ಕಡೆಗೆ, ಇಮ್ಮಡಿಯಾಗಿ. ಅದನ್ನು ನಾವು ಎಳೆಯುತ್ತಿರಲಿಲ್ಲ; ಅದೇ ನಮ್ಮ ಹಿಂಗಾಲು ಹಿಡಿದು ಒಗೆಯುತ್ತಿತ್ತು. ಎಡಗೋಡೆಗೆ ಬಡಿದು ಕಲ್ಲುಗಳನ್ನು ಕಿತ್ತೆಸೆಯಿತು, ಬಲಬೇಲಿಯನ್ನು ಬಗೆಯಿತು. ನನ್ನ ಹಣೆ ಕಿಟಕಿಗೆ ಅಪ್ಪಳಿಸಿ ರಕ್ತ ಕಣ್ಣಿಗಿಳಿಯಿತು. ಸ್ಟೀರಿಂಗ್ ಅಳಿಯನ ಮಣಿಕಟ್ಟನ್ನು ತಿರುಚಿತು. "ಅಯ್ಯೋ ಹೋಯ್ತು, ಮಾವ, ಹೋಯ್ತು!" ಎಂದು ಅವನು ಚೀರುತ್ತಿದ್ದಾಗ ಹಿಂದೆ ಏನೋ ಸಿಡಿಯಿತು. ಕ್ಯಾರವಾನ್ ಅಡ್ಡ ತಿರುಗಿದಾಗ ಕನ್ನಡಿಯಲ್ಲಿ ಕಂಡೆ: ಕ್ಯಾರವಾನಿನ ಹಿಂಗೋಡೆ ಒಡೆದು ಮೂಟೆ, ಕ್ಯಾನು, ಗ್ರೈಂಡರ್ ರಸ್ತೆಗೆ ನೆಗೆದವು. ಗ್ರೈಂಡರಿನ ಕಲ್ಲು ಬೂದು ಪಿಕಪ್ಪಿನ ಮೂತಿಗೆ ಬಡಿದು ಎರಡಾಯಿತು. ಬೂದು ಪಿಕಪ್ ದಾರಿ ತಪ್ಪಲಿಲ್ಲ. ಇತ್ತ ಭಾರ ಕಳೆದುಕೊಂಡ ಕ್ಯಾರವಾನ್, ಬಡಿಗೆ ಕಂಡ ಗೂಳಿಯಂತೆ, ನೇರವಾಗಿ ನಮ್ಮ ಹಿಂದೆ ಬಂತು.

ನಿಂತೆವು. ಅಳಿಯ ಜಿಗಿದು ರೈತನ ಕೊರಳಪಟ್ಟಿ ಹಿಡಿದ. "ಕೊಲ್ಲೋಕೆ ಮಾರಿದ್ಯಾ ಇದನ್ನ?" ರೈತ ಅವನನ್ನು ಬೇಲಿಗೆ ನೂಕಿದ. ಯಾರನ್ನೂ ಮುಟ್ಟಬಾರದ ಆ ಕಾಲದಲ್ಲಿ, ಮುಖಗವಸು ಹರಿದ ಇಬ್ಬರು ಗೃಹಸ್ಥರು ಕೆಸರಿನಲ್ಲಿ ಹೊರಳಿ ಗುದ್ದಾಡಿದರು. ಒಬ್ಬ ಮೈಸೂರಿನ ಬೈಗುಳ ಬೈದ, ಇನ್ನೊಬ್ಬ ತನ್ನವು. ನನ್ನ ಊರುಗೋಲು ಇಬ್ಬರ ಬೆನ್ನಿಗೂ ಒಂದೊಂದು ಬಿತ್ತು.

"ಹಿಂದುಗಡೆ ನೋಡ್ರಯ್ಯಾ!" ಎಂದೆ. "ಭಾರ ಬಿದ್ದ ಮೇಲೆ ಕ್ಯಾರವಾನು ಒಮ್ಮೆಯಾದರೂ ಓಲಾಡಿತೆ?"

ರೈತ ರಸ್ತೆಯ ಅಕ್ಕಿಯನ್ನು ನೋಡಿದ, ಒಡೆದ ಕಲ್ಲನ್ನು ನೋಡಿದ, ತುಟಿಯ ರಕ್ತ ಒರೆಸಿಕೊಂಡು ನಕ್ಕ. "ಇದೇನು, ನಿನ್ನ ಹೆಂಡತಿಯ ಗೋರಿಯ ಕಲ್ಲೇ?"

"ದೋಸೆದು," ಎಂದ ಅಳಿಯ, ನಾಚಿ.

ಅಳಿಯ ಆಗಲೂ ನೀಲಿಯನ್ನೇ ಬಯಸಿದ. "ತಪ್ಪು ಸಾಮಾನಿಂದು ಮಾವ. ಮುಂದಕ್ಕೆ ಇಟ್ರೆ ಗ್ರ್ಯಾಂಡ್ ಆಗತ್ತೆ, ಎಲ್ಲಾ ಸರಿಹೋಗತ್ತೆ."

"ಸಾಮಾನನ್ನು ಮುಂದಕ್ಕೆ ಇಡಬಹುದು. ಗಾಳಿಯನ್ನು ಎಲ್ಲಿಡುತ್ತೀರಿ? ಮಗಳು ಹೋಗಬೇಕಾದಲ್ಲೆಲ್ಲ ಇದು ಎಳೆಯಬೇಕು. ಬೆನ್ನ ಹಿಂದಿನದು ಸಿಟ್ಟಾದಾಗ ಅದಕ್ಕಿಂತ ಭಾರವಾಗಿ ನಿಲ್ಲುವ ಗಾಡಿ ಬೇಕು. ಕಲ್ಲೇಟು ತಿಂದೂ ಕದಲದ ಅದನ್ನೇ ಕೊಳ್ಳಿ."

ಅವನು ಬೂದು ವಾಹನದ ಹೊಸ ತಗ್ಗನ್ನು ಬೆರಳಿನಿಂದ ತಡವಿ, ಒಪ್ಪಿ ತಲೆಯಾಡಿಸಿದ.

ರೈತನ ಅಂಗಳಕ್ಕೆ ಮರಳಿದಾಗ, ಅಲ್ಲೇ ಉಳಿದಿದ್ದ ಪತ್ನಿ ಒಡೆದ ಕಲ್ಲನ್ನು ನೋಡಿ ಅತ್ತಳು. ಆಮೇಲೆ ಉಳಿದ ಮೂಟೆಗಳನ್ನು ತಾನೇ ನಿಂತು ಕ್ಯಾರವಾನಿನೊಳಗೆ ಚಕ್ರಗಳಿಗಿಂತ ಮುಂದಕ್ಕೆ ಇಡಿಸಿದಳು. ಒಡೆದ ಹಿಂಗೋಡೆಗೆ ರೈತ ಪ್ಲೈವುಡ್ ಹೊಡೆದುಕೊಟ್ಟ. ಮನೆಯ ದಾರಿಯಲ್ಲಿ ಅದೇ ಗಾಳಿ ಅದೇ ಇಳಿಜಾರಿನಲ್ಲಿ ಮತ್ತೆ ಗುದ್ದಿತು. ಬೂದು ಪಿಕಪ್ ಹೂಂಕರಿಸಿ ಮುಂದೆ ಸಾಗಿತು.

ಸಂಜೆ ಮಗಳು ನೇರವಾಗಿ ಕ್ಯಾರವಾನಿಗೆ ಬಂದಳು. ಮೊಮ್ಮಗಳು ಒಳಗಿನಿಂದ ಮನೆಯ ಗಾಜನ್ನು ಎರಡೂ ಮುಷ್ಟಿಯಿಂದ ಗುದ್ದಿದಳು, "ಮಮ್ಮಿ, ಲುಕ್ ಅಟ್ ಮೀ!" ಎಂದು ಕಿರುಚಿ, ಗುದ್ದುತ್ತಲೇ ನಗತೊಡಗಿದಳು. ಆಚೆ ಕ್ಯಾರವಾನಿನ ಕಿಟಕಿಯಲ್ಲಿ ಮಗಳು, ದಿನವಿಡೀ ಎದೆಗಳನ್ನು ಒತ್ತಿದ ಆ ಎರಡು ಕೈಗಳನ್ನು, ಗಾಜಿಗೆ ಮೆಲ್ಲಗೆ ಒತ್ತಿದಳು.

ಗುದ್ದಿದವರಿಗೂ ಗುದ್ದಿಸಿಕೊಂಡವರಿಗೂ ಒಳ್ಳೆಯದಾಗಲಿ. ಆ ರೈತನ ಹಟ್ಟಿ ತುಂಬಿರಲಿ, ಅಳಿಯನ ಮಣಿಕಟ್ಟು ಗಟ್ಟಿಯಾಗಿರಲಿ, ಪತ್ನಿಯ ದಿಕ್ಕುಗಳೆಲ್ಲ ಅವಳನ್ನು ಕಾಯಲಿ. ಆ ಕೈಗಳ ಕೆಳಗೆ ಉಸಿರು ಮರಳಿದವರಿಗೂ ಮರಳದವರಿಗೂ ಶಾಂತಿಯಾಗಲಿ.